ಟ್ಯಾಂಕಿನ ಹಾಜರಿ

ನಮ್ಮ ಸೋದರಮಾವ ಯಂತ್ರಗಳಿಗೆ ಹಾಜರಿ ಹಾಕುತ್ತಾರೆ. ನೀವು ನಂಬುವುದಿಲ್ಲ, ಗೊತ್ತು. ಬೆಳಗ್ಗೆ ಏಳು ಗಂಟೆಗೆ ಜಾವಳಿಯ ಅವರ ಮನೆಗೆ ಹೋಗಿ ನೋಡಿ. ಎದುರಿಗೆ ಲ್ಯಾಪ್‌ಟಾಪು, ಪಕ್ಕದಲ್ಲಿ ಉದ್ದನೆಯ ಹಾಜರಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು. ಪರದೆಯ ಮೇಲೆ ಒಂದೊಂದೇ ಯಂತ್ರದ ಉತ್ತರ ಬಂದಂತೆ ಪುಸ್ತಕದಲ್ಲಿ ಒಂದೊಂದೇ ಗೆರೆ ಬೀಳುತ್ತದೆ. ತಡವಾಗಿ ಉತ್ತರಿಸಿದ್ದಕ್ಕೆ ಅರ್ಧ ದಿನ. ಉತ್ತರಿಸದೇ ಇದ್ದದ್ದಕ್ಕೆ ಗೈರು. ಉಪ್ಪಿಟ್ಟು ಆರಿಹೋಗುತ್ತಿದೆ ಎಂದು ಅತ್ತೆ ಎಷ್ಟು ಕೂಗಿದರೂ ಮಸ್ಟರ್ ಮುಗಿಯುವವರೆಗೆ ಆಸಾಮಿ ಏಳುವುದಿಲ್ಲ!

ತಪ್ಪು ಪೂರ್ತಿ ಅವರದಲ್ಲ. ಆಲ್ದೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಆಯುಷ್ಯವೆಲ್ಲ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಬೆಳಗ್ಗೆ ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಮಸ್ಟರ್ ಕರೆಯುವುದು, ಅಂದರೆ ಹಾಜರಿ ಹಾಕುವುದು, ರೈಟರ್ ದಿನದ ಮೊದಲ ಕೆಲಸ. ನಿವೃತ್ತರಾದ ಮಾರನೇ ದಿನ ಏಳು ಗಂಟೆಗೆ ಕರೆಯಲು ಯಾರೂ ಇರಲಿಲ್ಲ. ಒಂದು ವಾರ ಅತ್ತೆಯ ಹಾಜರಿಯನ್ನೇ ಹಾಕಿ ನೋಡಿದರಂತೆ. ಪುಸ್ತಕ ಬಚ್ಚಲ ಒಲೆಗೆ ಹೋಗುತ್ತದೆ ಎಂದು ಅತ್ತೆ ಹೇಳಿದ ಮೇಲೆ ಮಾವ ಕಂಪ್ಯೂಟರಿನ ಕಡೆ ತಿರುಗಿದರು. ವಿಡಿಯೋ ನೋಡಿ ನೋಡಿ ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಕಲಿತರು. ಕಲಿತದ್ದನ್ನು ಪ್ರಯೋಗ ಮಾಡಲು ಅವರಿಗೊಂದು ಬಲಿ ಬೇಕಿತ್ತು. ಅದು ನಾನು.

ಎರಡು ವರ್ಷದ ಹಿಂದೆ ನಮ್ಮ ಯಜಮಾನರು ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಸಂಜೆ ಗೋಣಿಬೀಡಿನ ನಮ್ಮ ಮನೆಯ ಜಗಲಿಯಲ್ಲಿ ನೆಂಟರೆಲ್ಲ ಕೂತು ನನ್ನ ಮುಂದಿನ ಬದುಕನ್ನು ತೀರ್ಮಾನ ಮಾಡುತ್ತಿದ್ದರು. ತೋಟವನ್ನು ಗುತ್ತಿಗೆಗೆ ಕೊಡುವುದು, ನಾನು ಚಿಕ್ಕಮಗಳೂರಿನಲ್ಲಿ ಅಣ್ಣನ ಮನೆಯ ಮಹಡಿ ಸೇರುವುದು ಎಂದು ಮಾತಾಯಿತು. ನನಗೆ ತೋಟ ಬಿಡುವ ಮನಸ್ಸಿರಲಿಲ್ಲ. ಅಲ್ಲಿನ ಗಿಡಗಳ ಜೊತೆ ಇಪ್ಪತ್ತು ವರ್ಷ ಕಳೆದವಳು ನಾನು. ಮಹಡಿಯ ಮೇಲೆ ತುಳಸಿ ಕುಂಡಕ್ಕೆ ನೀರು ಹಾಕಿಕೊಂಡು ಇರುವುದು ನನ್ನಿಂದ ಆಗುವ ಕೆಲಸವಲ್ಲ. ಆಗ ಅತ್ತಿಗೆ ಕೇಳಿದಳು.

"ಒಬ್ಳೇ ಇರ್ತೀನಿ ಅಂತೀಯ, ಸರಿ. ಬಚ್ಚಲಲ್ಲಿ ಜಾರಿ ಬಿದ್ರೆ ಯಾರಿಗೆ ಗೊತ್ತಾಗುತ್ತೆ ಹೇಳು?"

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮೂಲೆಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ ಮಾವ ತಲೆ ಎತ್ತದೆ, "ಅವ್ಳು ಇಲ್ಲೇ ಇರ್ಲಿ. ನಾನು ನೋಡ್ಕೋತೀನಿ" ಎಂದರು.

ಮಾವ ಗಂಟುಮೂಟೆ ಕಟ್ಟಿಕೊಂಡು ನನ್ನ ಮನೆಗೇ ಬರುತ್ತಾರೆ ಎಂದು ಎಲ್ಲರೂ ತಿಳಿದರು. ಮುಂದಿನ ವಾರ ಅವರು ಬಂದದ್ದೇನೋ ನಿಜ, ಒಂದು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು! ಒಳಗೆ ಇಸ್ಪೀಟೆಲೆಯಷ್ಟು ಅಗಲದ ಮೂರು ಬೋರ್ಡುಗಳಿದ್ದವು.

"ಇವು ಪೂರ್ತಿ ಕಂಪ್ಯೂಟರ್ ಪುಟ್ಟಿ. ಒಳಗೆ ಲಿನಕ್ಸ್ ಇದೆ. ಪರದೆ ಇಲ್ಲ, ಕೀಲಿಮಣೆ ಇಲ್ಲ. ಬಾಯಿ ಮುಚ್ಕೊಂಡು ಕೆಲಸ ಮಾಡ್ತವೆ."

"ಹಾಗಾದ್ರೆ ನಮ್ಮ ವಂಶದವಲ್ಲ ಬಿಡಿ ಮಾವ" ಎಂದೆ.

ಒಂದು ಬೋರ್ಡು ಕಾಫಿ ಒಣಗಿಸುವ ಕಣಕ್ಕೆ, ಮಳೆ ಹನಿ ಬಿದ್ದರೆ ಸೈರನ್ ಕೂಗಿಸಲು. ಒಂದು ಹಳ್ಳದ ಪಂಪ್‌ಸೆಟ್ಟಿಗೆ. ಇನ್ನೊಂದು ಮನೆಯ ಮೇಲಿನ ನೀರಿನ ಟ್ಯಾಂಕಿಗೆ, ನೀರು ಎಷ್ಟಿದೆ ಎಂದು ಹೇಳಲು. ಮಾವನ ನಿಯಮ ಒಂದೇ: ಬೋರ್ಡಿನ ಹತ್ತಿರ ಹೋಗಿ ಕೆಲಸ ಮಾಡುವ ಹಾಗಿಲ್ಲ. ಪ್ರೋಗ್ರಾಮು ಜಾವಳಿಯ ಲ್ಯಾಪ್‌ಟಾಪಿನಲ್ಲೇ ತಯಾರಾಗಬೇಕು, ಅಲ್ಲಿಂದಲೇ ಇಂಟರ್‌ನೆಟ್ಟಿನ ಮೇಲೆ ಗೋಣಿಬೀಡಿನ ಬೋರ್ಡಿಗೆ ಹೋಗಿ ಕೂರಬೇಕು. "ರೈಟರ್ ಆದವ್ನು ಟೇಬಲ್ ಬಿಟ್ಟು ಏಳ್ಬಾರ್ದು. ಆರ್ಡರ್ ಹೋಗ್ಬೇಕು, ಕೆಲಸ ಆಗ್ಬೇಕು."

ಆರ್ಡರ್ ಹೋಯಿತು. ಕೆಲಸ ಆಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಮು ಬೋರ್ಡಿಗೆ ಹೋದೊಡನೆ ಇದು ನನ್ನಿಂದಾಗದು ಎನ್ನುತ್ತಿತ್ತು. ಮೂರು ವಾರ ಇದೇ ಗೋಳು. ಕೊನೆಗೆ ಮಾವ ಬೋರ್ಡಿಗೆ ಒಂದು ಮೆಮೊ ಬರೆದರು. 'ಕೊಟ್ಟ ಕೆಲಸ ನಿರಾಕರಿಸಿದ್ದಕ್ಕೆ ಕಾರಣ ತಿಳಿಸತಕ್ಕದ್ದು' ಎಂದು, ತಾರೀಕು, ರುಜು ಸಮೇತ! ಕಾರಣ ತಿಳಿಸಿದವರು ಅತ್ತೆ. ಮನೆಗೆ ಹೊಸದಾಗಿ ಇಂಡಕ್ಷನ್ ಒಲೆ ಬಂದಿತ್ತು. ಅತ್ತೆ ತಮ್ಮ ಹಳೆಯ ಅಲ್ಯುಮಿನಿಯಂ ಪಾತ್ರೆ ಇಟ್ಟರೆ ಅದು ಬಿಸಿಯೇ ಆಗಲೊಲ್ಲದು. "ಒಲೆಗೆ ತಕ್ಕ ಪಾತ್ರೆ ಆಗ್ಬೇಕಂತೆ ಇದಕ್ಕೆ" ಎಂದು ಅವರು ಗೊಣಗಿದ್ದೇ ತಡ, ಮಾವ ಕುರ್ಚಿ ಬಿಟ್ಟು ಎದ್ದರು. ಲ್ಯಾಪ್‌ಟಾಪಿನ ಪ್ರೊಸೆಸರ್ ಬೇರೆ, ಬೋರ್ಡಿನ ಪ್ರೊಸೆಸರ್ ಬೇರೆ. ಇವರು ಮೂರು ವಾರದಿಂದ ಲ್ಯಾಪ್‌ಟಾಪಿಗೆ ಹೊಂದುವ ಪ್ರೋಗ್ರಾಮನ್ನೇ ಬೋರ್ಡಿಗೆ ಕಳಿಸುತ್ತಿದ್ದರು. ಪ್ರೋಗ್ರಾಮನ್ನು ಬೋರ್ಡಿನ ಭಾಷೆಗೆ ಇಳಿಸುವ ಕಂಪೈಲರ್ ಹಾಕಿಕೊಂಡ ದಿನ ನನಗೆ ಫೋನ್ ಬಂತು. "ಮಾರಾಯ್ತಿ, ಪಾತ್ರೆ ತಪ್ಪಾಗಿತ್ತು." ಅತ್ತೆ ಹೊಸ ಪಾತ್ರೆ ತರಿಸಿದರೇನೋ ಎಂದುಕೊಂಡೆ.

ಮೆಮೊವನ್ನು ಮಾತ್ರ ಶಿಸ್ತಾಗಿ ವಾಪಸು ಪಡೆದರು.

ಆ ಜನವರಿಯಲ್ಲಿ ಕಣದ ತುಂಬ ಪಾರ್ಚ್‌ಮೆಂಟ್ ಹರಡಿತ್ತು, ಸಿಪ್ಪೆ ಬಿಡಿಸಿ ತೊಳೆದ ಕಾಫಿ. ನಾನೊಬ್ಬಳೇ ನಿಂತು ಮಾಡಿಸಿದ ಮೊದಲ ಕೊಯ್ಲು. ನೆತ್ತಿ ಸುಡುವ ಬಿಸಿಲಿನಲ್ಲಿ ಸೈರನ್ ಕೂಗಿತು. ಮಳೆ! ಹೆಂಗಸರು ಉಣ್ಣುವ ಬುತ್ತಿ ಬಿಟ್ಟು ಓಡಿಬಂದು ಟಾರ್ಪಾಲು ಎಳೆದರು. ಎಲ್ಲ ಮುಚ್ಚಿದ ಮೇಲೆ ಮೇಸ್ತ್ರಿ ಆಕಾಶ ನೋಡಿದ.

"ಅಮ್ಮಾ, ಮಳೆ ಯಾವ ಊರಲ್ಲಿ ಬರ್ತಾ ಉಂಟು?"

ಮಳೆ ಬಂದದ್ದು ನನ್ನ ಟ್ಯಾಂಕಿನಲ್ಲಿ. ಮಾವ ಹೊಸ ಪ್ರೋಗ್ರಾಮು ಕಳಿಸುವಾಗ ವಿಳಾಸ ತಪ್ಪಿ, ಕಣದ ಪ್ರೋಗ್ರಾಮು ಟ್ಯಾಂಕಿನ ಬೋರ್ಡಿಗೆ ಹೋಗಿತ್ತು. ಟ್ಯಾಂಕಿನಲ್ಲಿ ನೀರಿಲ್ಲದೆ ಇನ್ನೇನಿರುತ್ತದೆ? ಅದನ್ನೇ ಮಳೆ ಎಂದು ಕಣದ ಸೈರನ್ನಿಗೆ ಸಾರಿತ್ತು. ಮಾವ ಆ ಸಂಜೆ ಪುಸ್ತಕದ ಕೊನೆಯಲ್ಲಿ ತಮ್ಮ ಹೆಸರನ್ನೂ ಬರೆದು, ಅದರೆದುರು ಗೈರು ಹಾಕಿಕೊಂಡರು. ಕೆಲಸದಲ್ಲಿ ದಾಕ್ಷಿಣ್ಯ ಎನ್ನುವುದು ಅವರಿಗೆ ಗೊತ್ತೇ ಇಲ್ಲ.

ಆಮೇಲೆ ಅವರಿಗೆ ಟ್ಯಾಂಕಿನ ಹುಚ್ಚು ಹಿಡಿಯಿತು. ಕರೆಂಟು ಹೋದರೂ ಅದು ನಡೆಯಬೇಕೆಂದು ಬ್ಯಾಟರಿ ತಂದರು. ನಿಂತುಹೋದರೆ ತಾನೇ ಎದ್ದು ಕೂರುವ ಹಾಗೆ ಪ್ರೋಗ್ರಾಮು ತಿದ್ದಿದರು. ಕಳಿಸುವುದು, ಪರೀಕ್ಷೆ ಮಾಡುವುದು, ಮತ್ತೆ ಕಳಿಸುವುದು. ಬೇಕೆಂದೇ ಹದಿನೈದು ಸಲ ಅದನ್ನು ಆರಿಸಿ ನೋಡಿದರು.

"ಟ್ಯಾಂಕಿಗೆ ಇಷ್ಟೆಲ್ಲ ಯಾಕೆ ಮಾವ? ಏಣಿ ಹತ್ತಿ ಇಣುಕಿದ್ರೆ ನೀರು ಕಾಣುತ್ತಲ್ಲ."

"ಬೇರೆ ಎರಡು ಸತ್ರೂ ತೊಂದ್ರೆ ಇಲ್ಲ. ಇದು ಸಾಯ್ಬಾರ್ದು" ಎಂದರು, ಅಷ್ಟೆ. ಮುದುಕರಿಗೆ ಅರಳುಮರಳು ಎಂದು ನಾನು ನಕ್ಕೆ. ಊರಿನವರಿಗೆಲ್ಲ ಹೇಳಿಕೊಂಡೂ ನಕ್ಕೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ಸಂತೆಯ ದಿನ. ಕೆಲಸದವರಿಗೆ ರಜ. ಐದೂವರೆಗೆ ಎದ್ದವಳು, ಮುಖ ತೊಳೆಯುವ ಮೊದಲೇ, ನಾಯಿ ಬೊಗಳಿತೆಂದು ಹಿತ್ತಲ ಮೆಟ್ಟಿಲು ಇಳಿದೆ. ಇಬ್ಬನಿಗೆ ಒದ್ದೆಯಾದ ಕಲ್ಲು. ಕಾಲು ಜಾರಿದ್ದು ಗೊತ್ತು, ಪಾದದ ಹತ್ತಿರ ಲಟಕ್ಕೆಂದದ್ದು ಗೊತ್ತು. ಏಳಲು ಆಗಲಿಲ್ಲ. ಫೋನು ಅಡುಗೆಮನೆಯಲ್ಲಿ. ಹತ್ತಿರದ ಮನೆ ಗುಡ್ಡದ ಆಚೆ ಬದಿಗೆ. ಕೂಗಿದೆ, ನಾಯಿ ಬಂದು ಪಕ್ಕದಲ್ಲಿ ಕೂತಿತು. ಅತ್ತಿಗೆ ಹೇಳಿದ್ದು ಬಚ್ಚಲು, ನಾನು ಬಿದ್ದದ್ದು ಹಿತ್ತಲು, ಅಷ್ಟೇ ವ್ಯತ್ಯಾಸ. ನಾಳೆ ಬೆಳಗ್ಗೆ ಕೆಲಸದವರು ಬರುವವರೆಗೆ ಹೀಗೇ ಎಂದು ಲೆಕ್ಕ ಹಾಕಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಈ ತೋಟದಲ್ಲಿ ನನ್ನ ಬದುಕು ಮುಗಿಯಿತು ಎನಿಸಿತು.

ಎಂಟಾಗುವ ಮೊದಲು ಸ್ಕೂಟರಿನ ಸದ್ದು ಕೇಳಿತು. ಮನೆ ಸುತ್ತಿ ಬಂದವರು ಮಾವ. ಉಟ್ಟ ಲುಂಗಿಯಲ್ಲೇ ಬಂದಿದ್ದರು. ಕಿವಿಯ ಮೇಲೆ ಪೆನ್ಸಿಲು ಹಾಗೇ ಇತ್ತು.

"ನಿಮಗೆ ಹೇಗೆ ಗೊತ್ತಾಯ್ತು?"

"ಟ್ಯಾಂಕಿನ ನೀರು ಇಳೀಲಿಲ್ಲ" ಎಂದರು ಮಾವ ಏದುಸಿರು ಬಿಡುತ್ತ. "ದಿನಾ ಐದೂವರೆಗೆ ಮುಖ ತೊಳೀತೀಯ, ಆರಕ್ಕೆ ಕಾಫಿಗೆ ನೀರು ಹಿಡೀತೀಯ. ಇವತ್ತು ಏಳಾದ್ರೂ ಒಂದಿಂಚೂ ಇಳೀಲಿಲ್ಲ. ಫೋನ್ ಮಾಡ್ದೆ, ನೀನು ಎತ್ಲಿಲ್ಲ."

"ಬೋರ್ಡ್ ಕೆಟ್ಟಿರ್ಬಹುದು ಅನ್ನಿಸ್ಲಿಲ್ವಾ?"

"ಅದು ಕೆಡಲ್ಲ ಪುಟ್ಟಿ" ಎಂದು ನನ್ನ ಪಕ್ಕದ ಮೆಟ್ಟಿಲ ಮೇಲೆ ಕುಸಿದು ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಟೇಬಲ್ ಬಿಟ್ಟು ಏಳಬಾರದ ರೈಟರ್.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಾವಳಿಗೆ ಹೋದೆ. ಅಲ್ಲಿದ್ದಾಗ ಒಂದು ಮಧ್ಯಾಹ್ನ ಮಾವ ಮಲಗಿದ್ದ ಹೊತ್ತಿಗೆ ಹಾಜರಿ ಪುಸ್ತಕ ತೆರೆದು ನೋಡಿದೆ. ಕಣ ಇತ್ತು, ಪಂಪ್‌ಸೆಟ್ ಇತ್ತು. ಟ್ಯಾಂಕು ಎಲ್ಲೂ ಇರಲಿಲ್ಲ. ಅದರ ಜಾಗದಲ್ಲಿ, ಎಲ್ಲಕ್ಕಿಂತ ಮೇಲೆ, 'ಪುಟ್ಟಿ' ಎಂದಿತ್ತು. ಟ್ಯಾಂಕಿಗೆ ಬೋರ್ಡು ಕೂತ ದಿನದಿಂದ ಪ್ರತಿ ದಿನವೂ ಹಾಜರ್. ನಾನು ಬಿದ್ದ ದಿನದ ಚೌಕ ಖಾಲಿ ಇತ್ತು. ಪೆನ್ಸಿಲಿನ ಮೊನೆ ಒತ್ತಿ ಹಿಡಿದ ಒಂದು ಚುಕ್ಕೆ ಮಾತ್ರ. ಪಕ್ಕದಲ್ಲಿ ಆಮೇಲೆ ಬರೆದದ್ದು: 'ತಡವಾಗಿ ಹಾಜರ್.'

ಎದ್ದು ಬಂದ ಮಾವನನ್ನು ಕೇಳಿದೆ. "ಆ ದಿನ ಗೈರು ಅಲ್ವಾ ಮಾವ? ನಿಮಗೆ ನೀವೇ ಹಾಕ್ಕೊಂಡವರು."

"ಸಿಕ್ಕಿದೀಯಲ್ಲ" ಎಂದು ಪುಸ್ತಕ ಕಿತ್ತುಕೊಂಡರು.

ಈಗ ನಾನು ನನ್ನ ಮನೆಯಲ್ಲೇ ಇದ್ದೇನೆ. ಮಹಡಿಯ ಮಾತನ್ನು ಯಾರೂ ಎತ್ತುತ್ತಿಲ್ಲ. ದಿನಾ ಐದೂವರೆಗೆ ಎದ್ದು ಮೊದಲು ನಲ್ಲಿ ತಿರುಗಿಸುತ್ತೇನೆ, ಬೇಕಾದ್ದಕ್ಕಿಂತ ಒಂದು ಚೊಂಬು ಜಾಸ್ತಿಯೇ ಬಿಡುತ್ತೇನೆ. ಜಾವಳಿಯಲ್ಲಿ ಮಾವನಿಗೆ ಚೆನ್ನಾಗಿ ಕಾಣಲಿ ಎಂದು.