ಏನೂ ಮಾಡಲ್ಲ, ಬನ್ರೀ

ನಮ್ಮ ಕಡೆ ದಿನಕ್ಕೆ ಅತಿ ಹೆಚ್ಚು ಸಲ ಹೇಳುವ ಸುಳ್ಳು ಯಾವುದೆಂದು ಕೇಳಿದರೆ ಜನ ರಾಜಕಾರಣಿಗಳ ಕಡೆ ಕೈ ತೋರಿಸುತ್ತಾರೆ. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ನನ್ನನ್ನು ಕೇಳಿ, ಹೇಳುತ್ತೇನೆ: "ನಮ್ಮ ನಾಯಿ ಏನೂ ಮಾಡಲ್ಲ, ಬನ್ರೀ." ಹೀಗೆ ಅಭಯ ಕೊಡುವವರು ಯಾವಾಗಲೂ ಜಾಲರಿ ಬಾಗಿಲಿನ ಒಳಗಿರುತ್ತಾರೆ. ಅಂಜನಾಪುರದ ಯಜಮಾನರೊಬ್ಬರಂತೂ, ಅವರ ನಾಯಿ ನನ್ನ ಮೀನಖಂಡವನ್ನು ಬಾಯಲ್ಲಿ ಹಿಡಿದಿದ್ದಾಗಲೇ, "ನೀವು ಹೆದರ್ಕಂಡ್ರಿ, ಅದಕ್ಕೆ ಗೊತ್ತಾಗೋಯ್ತು ನೋಡ್ರಿ" ಎಂದು ನನಗೇ ಬುದ್ಧಿ ಹೇಳಿದರು. ಅವರ ದನಿಯನ್ನು ಆಫೀಸಿನಲ್ಲಿ ಮಾಡಿ ತೋರಿಸಿದಾಗ ಎಲ್ಲರೂ ಬಿದ್ದುಬಿದ್ದು ನಕ್ಕರು. ಇಂಜೆಕ್ಷನ್ ಮಾತ್ರ ನಾನೊಬ್ಬನೇ ಚುಚ್ಚಿಸಿಕೊಂಡೆ.

ನನ್ನನ್ನು ಶಿಕಾರಿಪುರದಿಂದ ಸೊರಬಕ್ಕೆ ವರ್ಗ ಮಾಡಿದ ಮೇಲೆ ಗಂಟುಬಿದ್ದದ್ದು ಸರೋಜಮ್ಮನವರ ಮನೆಯ ನಾಯಿ, ಮೋತಿ. ಅದರ ಕೃಪೆಯಿಂದ ಎರಡು ತಿಂಗಳು ರೀಡಿಂಗಿನ ಬದಲು "ಬಾಗಿಲು ಹಾಕಿದೆ" ಎಂದು ಬರೆದೆ. ಮೂರನೆಯ ತಿಂಗಳು ಸಾಹೇಬರು ಕರೆದು, "ಈ ಸಲ ಆ ಮನೆ ರೀಡಿಂಗ್ ಬರಲಿಲ್ಲ ಅಂದ್ರೆ ನಿನ್ನ ತಿರುಗಾಟ ಬಂದ್. ಕೌಂಟರಿನಾಗೆ ಕೂರಿಸ್ತೀನಿ" ಎಂದರು. ಬೀದಿಬೀದಿ ಸುತ್ತಿ ಜನರ ದನಿ ಕದಿಯುವ ನನಗೆ ಕೌಂಟರೆಂದರೆ ಜೈಲು.

ಆ ಸಂಜೆಯೇ ಮೊಬೈಲಿನಲ್ಲಿ ನಾಯಿಭಾಷೆ ಕಲಿಯಲು ಕುಳಿತೆ. ಬಾಲ ಆಡಿಸಿದ ಮಾತ್ರಕ್ಕೆ ಪ್ರೀತಿಯಲ್ಲವಂತೆ. ಮೇಲೆದ್ದು ಸೆಟೆದ ಬಾಲ ಸಣ್ಣಗೆ ಅಲುಗುತ್ತಿದ್ದರೆ ದೂರ ನಿಲ್ಲಬೇಕಂತೆ. ಜಗಳ ಬೇಡ ಎನ್ನುವ ನಾಯಿ ಮುಖ ತಿರುಗಿಸುತ್ತದೆ, ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ. ಬೇರೆಯವರಾಗಿದ್ದರೆ ಇಷ್ಟು ತಿಳಿದು ಸುಮ್ಮನಾಗುತ್ತಿದ್ದರು. ನಾನೋ, ಮಿಮಿಕ್ರಿಯವನು.

ಮರುದಿನ ಗೇಟಿನ ಹೊರಗೆ ಓರೆಯಾಗಿ ನಿಂತೆ. ಮೋತಿಯ ಬಾಲ ಕಂಬದಂತೆ ನಿಂತಿತ್ತು. ಮುಖ ಪಕ್ಕಕ್ಕೆ ತಿರುಗಿಸಿ ಆಕಳಿಸಿದೆ. ತುಟಿ ನೆಕ್ಕಿಕೊಂಡೆ. ಮತ್ತೆ ಬಾಯಿ ಅಗಲಿಸಿ ಆಕಳಿಸಿದೆ. ಐದು ನಿಮಿಷ ಇದೇ ಸೇವೆ ನಡೆದ ಮೇಲೆ ಮೋತಿಯ ಮೈ ಸಡಿಲವಾಗಿ, ಬಾಲ ಇಳಿದು, ಅದೂ ಒಂದು ಸಲ ಆಕಳಿಸಿ ಮಲಗಿತು! ಗೆದ್ದೆನೆಂದು ಗೇಟಿನ ಚಿಲಕ ತೆಗೆದು ಒಳಗೆ ಕಾಲಿಟ್ಟೆ. ಅಷ್ಟು ಹೊತ್ತೂ ನಾನು ಮುಖ ತಿರುಗಿಸಿದ್ದು ಸರೋಜಮ್ಮನವರ ಅಡುಗೆಮನೆಯ ಕಿಟಕಿಯ ಕಡೆಗೆ ಎಂಬುದು ಆಗ ತಿಳಿಯಿತು.

"ಹಗಲೊತ್ತಲ್ಲೇ ಕುಡ್ಕಂಡು ಬಂದು, ನನ್ನ ನೋಡಿ ನಾಲಿಗೆ ಚಪ್ಪರಿಸ್ತೀಯೇನೋ, ನಿನ್ನ ಮುಖಕ್ಕಿಷ್ಟು ಬೆಂಕಿ ಹಾಕ!" ಪೊರಕೆ ಮೊದಲು ಬಂತು, ಸರೋಜಮ್ಮ ಆಮೇಲೆ.

"ಅಯ್ಯೋ, ನಿಮಗಲ್ಲ ಅಮ್ಮಾ, ನಿಮ್ಮ ನಾಯಿಗೆ ಮಾಡಿದ್ದು!" ಎಂದೆ. ಈ ಮಾತು ಆಡದಿದ್ದರೇ ಚೆನ್ನಾಗಿತ್ತು. ಯಜಮಾನಿಯ ಸೆಟೆದ ಕತ್ತು ನೋಡಿದ್ದೇ ಮೋತಿ ನಮ್ಮ ಐದು ನಿಮಿಷದ ಸ್ನೇಹ ಮರೆತು, ನನ್ನ ಪ್ಯಾಂಟಿನ ಒಂದು ತುಂಡನ್ನು ತಾನೇ ಇಟ್ಟುಕೊಂಡಿತು.

ನಾನು ಆಫೀಸು ಸೇರುವಷ್ಟರಲ್ಲಿ ಫೋನಿನಲ್ಲಿ ದೂರು ಸೇರಿತ್ತು. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಸಾಹೇಬರು, "ಬಾ ಬಾ, ನಾನೇನೂ ಮಾಡಲ್ಲ" ಎಂದು ನಕ್ಕರು. ಕಣ್ಣು ಮಿಟುಕಲಿಲ್ಲ, ಹಲ್ಲು ಮಾತ್ರ ಕಂಡವು. ಕಲಿತ ಪಾಠವೆಲ್ಲ ಮೈಮೇಲೆ ಬಂದಂತಾಯಿತು. ಮುಖ ತಿರುಗಿಸಿದೆ, ತುಟಿ ನೆಕ್ಕಿಕೊಂಡೆ. ಆಣೆ ಮಾಡಿ ಹೇಳುತ್ತೇನೆ, ಆಕಳಿಕೆ ತಾನಾಗಿಯೇ ಬಂತು.

"ನನ್ನ ಎದುರಿಗೂ ಶುರು ಹಚ್ಕಂಡ್ಯಾ?" ಎಂದರು ಸಾಹೇಬರು. ಅವರು ಮೋತಿಯಷ್ಟು ತಿಳಿದವರಲ್ಲ.

ಈಗ ಕೌಂಟರಿನಲ್ಲಿದ್ದೇನೆ. ದೂರು ಹಿಡಿದು ಬಂದವರು ಸಾಹೇಬರ ಕೋಣೆಯಿಂದ ಬರುವ ಗದರಿಕೆ ಕೇಳಿ ಹೆಜ್ಜೆ ಹಿಂದಿಡುತ್ತಾರೆ. ನಾನು ಗಾಜಿನ ಒಳಗೆ ಬೆಚ್ಚಗೆ ಕುಳಿತು, ಥೇಟ್ ಅಂಜನಾಪುರದ ಯಜಮಾನರ ದನಿಯಲ್ಲಿ ಹೇಳುತ್ತೇನೆ: "ಹೆದರ್ಕಬ್ಯಾಡ್ರಿ, ಹೋಗ್ರೀ. ನಮ್ಮ ಸಾಹೇಬ್ರು ಏನೂ ಮಾಡಲ್ಲ."