ಒಗ್ಗರಣೆಗೆ ಒಂದು ಉಸಿರು

ಅಡುಗೆಯ ವಿಷಯದಲ್ಲಿ ನನಗೆ ಅಪಾರ ಆತ್ಮವಿಶ್ವಾಸ. ಕಾರಣ, ನಾನು ಎಂದೂ ಅಡುಗೆ ಮಾಡಿದವನಲ್ಲ.

ಉಡುಪಿಯಲ್ಲಿ ನನ್ನ ಹೆಂಡತಿ ಸುಜಾತಳ ಅಣ್ಣನ ಮನೆಯ ಗೃಹಪ್ರವೇಶ. ನಾವು ಹೋಗದಿದ್ದರೆ ಮುಂದೆ ನನಗೆ ಆ ಮನೆಯೊಳಗೆ ಪ್ರವೇಶವಿಲ್ಲ! ಆದರೆ ನನ್ನ ರಜೆಯ ಅರ್ಜಿ ನಮ್ಮ ಮ್ಯಾನೇಜರ್ ಮುಸ್ತಫಾ ಸಾಹೇಬರ ಮೇಜಿನ ಮೇಲೆ ಮೂರು ವಾರದಿಂದ ಪಿರಮಿಡ್ಡಿನ ಮಮ್ಮಿಯಂತೆ ಮಲಗಿತ್ತು. ಸಾಹೇಬರು ಈಜಿಪ್ಟಿನವರು. ಹಾಗಾಗಿ ಶನಿವಾರ ಮಧ್ಯಾಹ್ನ ಗಲ್ಫಿನ ಅಲ್ ನಹ್ದಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಅವರನ್ನು ಊಟಕ್ಕೆ ಕರೆದೆ.

"ಮುಲೂಖಿಯಾ ನಾನೇ ಮಾಡ್ತೇನೆ. ಫೇರೋಗಳು ಉಂಡ ಸೊಪ್ಪಿನ ಸಾರು! ಒಂದು ಸೌಟು ಒಳಗೆ ಹೋದ್ರೆ ಸಹಿ ಬಿತ್ತು ಅಂತ ತಿಳ್ಕೋ" ಎಂದೆ ಸುಜಾತಳಿಗೆ.

ಕುದಿಯುತ್ತಿದ್ದ ಸೊಪ್ಪನ್ನು ಸುಜಾತ ಇಣುಕಿ ನೋಡಿದಳು. "ಎಂತ ಲೋಳೆ ಮಾರಾಯ್ರೆ, ಬಸಳೆಗಿಂತಲೂ ಹೆಚ್ಚು ಉಂಟು! ಪಿರಮಿಡ್ಡಿನ ಕಲ್ಲು ಅಂಟಿಸಿದ್ದು ಇದರಲ್ಲೇ ಏನು?"

ನನ್ನ ಗಮನವೆಲ್ಲ ಒಗ್ಗರಣೆಯ ಮೇಲಿತ್ತು. ಕೆಳಗಿನ ಅಂಗಡಿಯ ಈಜಿಪ್ಟಿನ ಯಜಮಾನ ನನಗೊಂದು ಗುಟ್ಟು ಹೇಳಿಕೊಟ್ಟಿದ್ದ. ಬೆಳ್ಳುಳ್ಳಿ, ಕೊತ್ತಂಬರಿಯ ಒಗ್ಗರಣೆಯನ್ನು ಸಾರಿಗೆ ಸುರಿಯುವಾಗ ಅಡುಗೆ ಮಾಡುವವರು ಬೆಚ್ಚಿಬಿದ್ದವರಂತೆ "ಹಾಃ!" ಎಂದು ಜೋರಾಗಿ ಉಸಿರೆಳೆದುಕೊಳ್ಳಬೇಕು. ಅದಕ್ಕೆ ಶಹ್ಕಾ ಎನ್ನುತ್ತಾರೆ. "ಶಹ್ಕಾ ಮಾಫಿ, ಟೇಸ್ಟ್ ಮಾಫಿ!" ಎಂದಿದ್ದ. ಅಂದರೆ, ಶಹ್ಕಾ ಇಲ್ಲದಿದ್ದರೆ ರುಚಿಯೂ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಇತಿಹಾಸ ಬೇರೆಯಾಗುತ್ತಿತ್ತು. ಆದರೆ ಒಣಮೆಣಸಿಲ್ಲದ ಒಗ್ಗರಣೆಯೇ? ಉಡುಪಿಯವನ ಮರ್ಯಾದೆ ಏನಾಗಬೇಕು? ಎಂಟು ಗುಂಟೂರು ಮೆಣಸು ಮುರಿದು ಹಾಕಿದೆ. ಮೆಣಸು ಕಪ್ಪಾಯಿತು, ಹೊಗೆ ಎದ್ದಿತು. ಸಾರಿಗೆ ಸುರಿದೆ. ಶಾಸ್ತ್ರೋಕ್ತವಾಗಿ, ಎದೆ ತುಂಬ ಉಸಿರೆಳೆದುಕೊಂಡೆ.

ಮುಂದಿನ ಐದು ನಿಮಿಷ ನಾನು ಈ ಲೋಕದಲ್ಲಿರಲಿಲ್ಲ.

ಅಷ್ಟರಲ್ಲಿ ಫೈರ್ ಅಲಾರ್ಮ್ ಹೊಡೆದುಕೊಂಡಿತು. ಹನ್ನೊಂದು ಮಹಡಿಯ ಜನರೂ ಆಗಸ್ಟ್ ತಿಂಗಳ ಬಿಸಿಲಿಗೆ ಇಳಿದು ಬಂದರು. ಕೆಲವರ ಕೈಯಲ್ಲಿ ಪಾಸ್‌ಪೋರ್ಟ್, ಒಬ್ಬರ ತಲೆಯಲ್ಲಿ ಹಸಿ ಮೆಹಂದಿ. ಸುಜಾತಳ ಕೈಯಲ್ಲಿ ಸಾರಿನ ಪಾತ್ರೆ. ನನ್ನ ಕೈಯಲ್ಲಿ ಸೌಟು, ಕಣ್ಣಲ್ಲಿ ಧಾರಾಕಾರ ನೀರು.

ಗೇಟಿನಲ್ಲಿ ಸಿಹಿಯ ಡಬ್ಬಿ ಹಿಡಿದು ಮುಸ್ತಫಾ ಸಾಹೇಬರು ನಿಂತಿದ್ದರು!

"ಏನಾಯಿತು? ಯಾರಿಗೆ ಏನಾಯಿತು?" ಎಂದು ಗಾಬರಿಯಿಂದ ಕೇಳಿದರು. ನನ್ನ ಗಂಟಲಿನಿಂದ ಹೊರಟದ್ದು ಒಂದೇ ಸ್ವರ. "ಹಾಃ!"

ಅವರು ಪಾತ್ರೆ ನೋಡಿದರು. ಸೌಟು ನೋಡಿದರು. ಮುಖ ಅರಳಿತು. "ಶಹ್ಕಾ! ನನ್ನ ಅಮ್ಮನೂ ಹೀಗೇ ಮಾಡುತ್ತಿದ್ದಳು!" ಎಂದವರೇ ಸೌಟು ಕಸಿದುಕೊಂಡು ಪಾರ್ಕಿಂಗಿನಲ್ಲೇ ಸಾರು ಹೀರಿದರು.

"ಹಾಃ!!"

ಇದು ನನ್ನದಲ್ಲ. ಸಾಹೇಬರದ್ದು.

ಎರಡು ಬಾಟಲಿ ನೀರು ಕುಡಿದ ಮೇಲೆ ಅವರಿಗೆ ಮಾತು ಬಂತು. "ಹಬೀಬಿ, ನಮ್ಮಲ್ಲಿ ಹಾಃ ಅನ್ನುವುದು ಅಡುಗೆ ಮಾಡುವವರು. ಉಣ್ಣುವವರಲ್ಲ!"

ನನ್ನ ರಜೆ ಖಲಾಸ್ ಎಂದುಕೊಂಡೆ. ಆದರೆ ಸೋಮವಾರ ಅರ್ಜಿ ಸಹಿಯಾಗಿ ಬಂತು! ಕಾರಣದ ಜಾಗದಲ್ಲಿದ್ದ 'ಗೃಹಪ್ರವೇಶ'ಕ್ಕೆ ಗೆರೆ ಎಳೆದು 'ಅಡುಗೆ ಕಲಿಯಲು' ಎಂದು ಬರೆದಿದ್ದರು.

ಗೃಹಪ್ರವೇಶದ ದಿನ ಗೆದ್ದವನ ಗತ್ತಿನಲ್ಲಿ ಊಟದ ಪಂಕ್ತಿಯಲ್ಲಿ ಕುಳಿತೆ. ಸುಜಾತ ನನಗಿಂತ ಎರಡು ದಿನ ಮೊದಲೇ ಊರಿಗೆ ಬಂದಿದ್ದಳು ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹಿತ್ತಲಲ್ಲಿ ಅಡುಗೆಯವರು ಸಾರಿಗೆ ಚುಂಯ್ ಎಂದು ಒಗ್ಗರಣೆ ಕೊಟ್ಟರು. ಇಡೀ ಪಂಕ್ತಿ, ನನ್ನ ಅತ್ತೆಯವರೂ ಸೇರಿ, ನನ್ನ ಕಡೆ ತಿರುಗಿ ಒಟ್ಟಿಗೆ ಉಸಿರೆಳೆಯಿತು.

"ಹಾಃ!"