ಗ್ಯಾಪ್ ಬೇಡವೆಂದ ಅಧ್ಯಕ್ಷ

ಮೂವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಅಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ ಬರೆದು, ಪಿಕಿಂಗಿಗೆ ಸಾಲಾಗಿ ನಿಲ್ಲಿಸುವವನು. ಇನ್ನೂರು ಜನರನ್ನು ಸಾಲಿಗೆ ತಂದವನಿಗೆ ಕುಶಾಲನಗರದ ಮೇನ್ ರೋಡ್ ಸರಿಮಾಡೋದು ಯಾವ ಮಹಾ ಕೆಲಸ? ರಿಟೈರ್ ಆದದ್ದೇ ತಡ, ನಮ್ಮ ಬೀದಿಯ ರಸ್ತೆ ಸುರಕ್ಷತಾ ಸಮಿತಿಗೆ ಅಧ್ಯಕ್ಷನಾದೆ.

ಕಾರಣ ನನ್ನ ಹೆಂಡತಿ ಸರೋಜ. ಸಿದ್ದಾಪುರದ ಸ್ಕೂಲಿನಲ್ಲಿ ಟೀಚರ್. ಮಂಡಿನೋವು ಬೇರೆ. ಬೆಳಿಗ್ಗೆ ಬಸ್ಸಿಗೆ ರಸ್ತೆ ದಾಟಿ ಎದುರಿನ ಸ್ಟಾಪಿಗೆ ಹೋಗಬೇಕು. ಹೋದ ತಿಂಗಳು ಟೂರಿಸ್ಟ್ ಜೀಪೊಂದು ಅವಳ ಸೆರಗು ಸವರಿಕೊಂಡೇ ಹೋಯಿತು! ನಿಧಾನವಾಗಿ ದಾಟೋಣವೆಂದರೆ ಬಸ್ಸು ತಪ್ಪುತ್ತದೆ. ಹೆಡ್‌ಮಿಸ್ ಅರ್ಧ ದಿನ ರಜೆ ಹಾಕುತ್ತಾರೆ.

"ರೀ, ರಸ್ತೆ ಮಧ್ಯೆ ಡಿವೈಡರ್ ಕಟ್ಟಿಸ್ತಾರಂತೆ. ನಮ್ಮ ಗಲ್ಲಿ ಎದುರು ಒಂದು ಗ್ಯಾಪ್ ಕೇಳಿ. ಬೇರೇನೂ ಮಾತಾಡಬೇಡಿ."

ಬೇರೇನೂ ಮಾತಾಡಬೇಡಿ! ಅಧ್ಯಕ್ಷನಿಗೆ!

ಡಿವೈಡರ್ ಬಗ್ಗೆ ಕರೆದ ಸಭೆಗೆ ಹೋದರೆ ಎಲ್ಲರಿಗೂ ಗ್ಯಾಪ್ ಬೇಕು. ಮೆಡಿಕಲ್ ಶಾಪಿಗೊಂದು, ಟೈರ್ ಅಂಗಡಿಗೊಂದು, ಬೇಕರಿ ಹಂಸಣ್ಣನಿಗೆ ಎರಡು. ನನ್ನ ಪಿತ್ತ ನೆತ್ತಿಗೇರಿತು. ಎದ್ದು ನಿಂತೆ. "ಸನ್ಮಾನ್ಯರೇ, ಇದು ಡಿವೈಡರೋ, ಬಾಚಣಿಗೆಯೋ? ಸರ್ಕಲ್ ತನಕ ಒಂದೇ ಒಂದು ಗ್ಯಾಪ್ ಕೂಡದು! ಯಾರಿಗೂ ಇಲ್ಲ ಅಂದಮೇಲೆ ನನಗೂ ಇಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಇಂಜಿನಿಯರ್ ಸಾಹೇಬರು ಅದನ್ನೇ ಬರೆದುಕೊಂಡು ನನ್ನ ಸಹಿಯನ್ನೂ ಹಾಕಿಸಿಕೊಂಡರು.

"ಅಡಿಪೊಳಿ ರೈಟ್ರೇ, ಭರ್ಜರಿ!" ಎಂದ ಹಂಸಣ್ಣ. "ಇನ್ನು ಟೀಚರ್ ಹಾರಿಕೊಂಡು ಹೋಗ್ತಾರಾ?"

ಆಗ ಸರೋಜ ನೆನಪಾದಳು.

ಡಿವೈಡರ್ ಎದ್ದಿತು. ಎದೆಮಟ್ಟದ ಕಾಂಕ್ರೀಟು. ನನ್ನ ಸಹಿಗೆ ಬೆಲೆ ಕೊಟ್ಟು ಯಾರಿಗೂ ಗ್ಯಾಪ್ ಬಿಡಲಿಲ್ಲ. ಹದಿನೈದು ದಿನದ ಮೇಲೆ ಒಂದು ಗ್ಯಾಪ್ ಮಾತ್ರ ತಾನಾಗಿಯೇ ಹುಟ್ಟಿಕೊಂಡಿತು, ಡಿವೈಡರ್ ಕಟ್ಟಿದ ಕಾಂಟ್ರಾಕ್ಟರನ ಭಾವನ ಲಾಡ್ಜ್ ಮುಂದೆ! ನಮ್ಮ ಗಲ್ಲಿಯಿಂದ ಅರ್ಧ ಕಿಲೋಮೀಟರ್, ಅದೂ ವಾಹನಗಳಿಗೆ ಎದುರಾಗಿ. ಸರೋಜ ಮೂರು ದಿನ ಕುಂಟುತ್ತ ನಡೆದಳು. ಎರಡು ದಿನ ಬಸ್ಸು ತಪ್ಪಿತು. ನನ್ನ ಜೊತೆ ಮಾತು ಬಿಟ್ಟಳು.

ನಾಲ್ಕನೇ ದಿನ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು, ಡಿವೈಡರ್ ಬಂದಮೇಲೆ ಒನ್ ವೇ ಆಗಿದ್ದ ನಮ್ಮ ಕಡೆಯ ರಸ್ತೆಯಲ್ಲಿ ಉಲ್ಟಾ ಹೊಡೆದೆ. ಗ್ಯಾಪಿನ ಹತ್ತಿರವೇ ಕಾನ್‌ಸ್ಟೇಬಲ್ ಕೈ ಅಡ್ಡ ಹಾಕಿದ.

"ಗ್ಯಾಪೇ ಬೇಡ ಅಂದ ಅಧ್ಯಕ್ಷರು ನೀವೇ ಅಲ್ವಾ ಸಾರ್?"

ಸರೋಜ ಇಳಿದು, ಹಿಂದೆ ತಿರುಗಿಯೂ ನೋಡದೆ ಗ್ಯಾಪಿನಲ್ಲಿ ಆ ಕಡೆಗೆ ದಾಟಿಬಿಟ್ಟಳು. ನನಗೆ ಶಿಕ್ಷೆಯಾಯಿತು: 'ಒನ್ ವೇಯಲ್ಲಿ ಬರಬೇಡಿ' ಎಂಬ ಬೋರ್ಡ್ ಹಿಡಿದು ಅರ್ಧ ಗಂಟೆ ಡಿವೈಡರ್ ಮೇಲೆ ನಿಲ್ಲುವುದು. ಲಾಡ್ಜಿನ ವಾಚ್‌ಮನ್ ಸ್ಟೂಲ್ ತಂದು ಹತ್ತಿಸಿದ. ಹತ್ತಿಸಿ, ಸ್ಟೂಲ್ ಎತ್ತಿಕೊಂಡು ಒಳಗೆ ಹೋದ! ಇನ್ನೂರು ಜನರನ್ನು ಸಾಲಾಗಿ ನಿಲ್ಲಿಸಿದವನು ಅಲ್ಲಿ ಒಬ್ಬನೇ ಸಾಲಾಗಿ ನಿಂತೆ.

ಅಷ್ಟರಲ್ಲಿ ಸಿದ್ದಾಪುರದ ಬಸ್ಸು ಬಂತು. ಟೀಚರನ್ನು ಕಂಡು ಡ್ರೈವರ್ ನಿಲ್ಲಿಸಿದ. ಸರೋಜ ಹತ್ತಿ ಕಿಟಕಿ ಪಕ್ಕ ಕೂತಳು. ಡ್ರೈವರ್ ನನ್ನತ್ತ ನೋಡಿ ಕೇಳಿದ್ದು ನನಗೂ ಕೇಳಿಸಿತು:

"ಟೀಚರ್, ಮೇಲೆ ನಿಂತಿರೋರು ನಿಮ್ಮ ಯಜಮಾನ್ರಲ್ವಾ?"

"ಅಲ್ಲಪ್ಪ," ಎಂದಳು ಸರೋಜ. "ಅವರು ಸಮಿತಿ ಅಧ್ಯಕ್ಷರು. ಹೊರಡು, ಲೇಟಾಗುತ್ತೆ."

ಬಸ್ಸು ಹೊರಟಿತು. ಅಧ್ಯಕ್ಷರು ಸ್ಟೂಲಿಗಾಗಿ ಕೂಗತೊಡಗಿದರು.